ಇಟ್ಟಿಗೆ ಗಾಳಿಯಲ್ಲಿರುವಾಗ

ಹೆಬ್ಬೆರಳು ಮತ್ತೆ ತೋರುಬೆರಳನ್ನು ಉಜ್ಜುತ್ತಿದೆ, ನಾನು ಹೇಳಲಿಲ್ಲವಲ್ಲ ಮಾರಾಯ, ಯಾರು ಹೇಳಿದರು ನಿನಗೆ, ಸುಮ್ಮನಿರು ಅಂದರೆ ಕೇಳುವುದಿಲ್ಲ, ಇಟ್ಟಿಗೆ ಬಂದಾಗ ಬಿಚ್ಚಿಕೋ ಅಂದರೆ ಯೋಚನೆ ಮಾಡುತ್ತದೆ, ದೊಡ್ಡ ಮನುಷ್ಯ — ಅಟ್ಟಣಿಗೆಯ ಹಲಗೆ ಕಾಲ ಕೆಳಗೆ ಬಾಗುತ್ತದೆ, ಗಾರೆಯ ಹಸಿ ವಾಸನೆ, ಕೆಳಗೆ ಇಟ್ಟಿಗೆ ಗುಡ್ಡೆಯ ಪಕ್ಕ, ಒಂದೊಂದಾಗಿ ನನಗೆ ಮೇಲಕ್ಕೆ ಎಸೆಯುವ ನನ್ನ ಹೆಂಡತಿ ತೋಳು ಮಡಚಿ ನಿಂತಿದ್ದಾಳೆ, ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡುತ್ತಿದ್ದಾನೆ, ಇವತ್ತು ಸರಿಯಾಗಿ ಹಿಡಿದ್ರೆ ಮೇಲಿರು, ಬಿಟ್ರೆ ನಾಳೆಯಿಂದ ಕೆಳಗೆ ಮರಳು ಜರಡಿ ಹಿಡಿ, ಬೇಜಾರು ಮಾಡ್ಕೋಬೇಡಪ್ಪ ಎಂದಿದ್ದಾನೆ, ಅವನದೇನು ತಪ್ಪು, ನಾನು ಕೈಬಿಟ್ಟ ಇಟ್ಟಿಗೆ ಬಿದ್ದದ್ದು ಅವನ ಪಾದದ ಮೇಲೆ, ಇನ್ನೂ ಕುಂಟುತ್ತಾನೆ. ಜೀವಮಾನವೆಲ್ಲ ಗೋಡೆ ಎಬ್ಬಿಸಿದವನು ಜರಡಿ ಹಿಡಿಯುವುದೇ, ಥೂ.

ಕೈನಡುಕಕ್ಕೆ ಕೊಟ್ಟ ಗುಳಿಗೆ ನುಂಗಿ ಅರ್ಧ ಗಂಟೆಯಾಯಿತು, ಖಾಲಿ ಹೊಟ್ಟೆಯಲ್ಲಿ, ಈಗ ಎಲ್ಲಿರಬಹುದು ಅದು, ಕತ್ತಿನಲ್ಲೋ, ಕಿವಿಯ ಹಿಂದೋ, ತಲೆಯೊಳಗೆ ಹೋಗಿ ಯಾರ ಬಳಿ ವಿಳಾಸ ಕೇಳುತ್ತದೆ — ಅಕ್ಕನ ಮಗಳು ನರ್ಸು, ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ತನ್ನ ಎರಡೂ ಕೈಯ ಬೆರಳ ತುದಿಗಳನ್ನು ಹತ್ತಿರ ತಂದು, ಮುಟ್ಟಿಸದೆ ನಿಲ್ಲಿಸಿದಳು, ನೋಡು ಮಾವ, ನರಕೋಶಗಳು ಹೀಗೇ, ಒಂದಕ್ಕೊಂದು ಅಂಟ್ಕೊಂಡಿರಲ್ಲ, ನಡುವೆ ಒಂದು ಸಂದು ಇರತ್ತೆ, ಸಿನಾಪ್ಸ್ ಅಂತಾರೆ. ನಾನೋ, ಕರೆಂಟಿನ ತಂತಿಯ ಹಾಗೆ ತಲೆಯಿಂದ ಬೆರಳವರೆಗೂ ಒಂದೇ ಅಂದುಕೊಂಡಿದ್ದೆ. ಕರೆಂಟು ಬರತ್ತೆ ಮಾವ, ಆದ್ರೆ ಈ ತುದಿವರೆಗೆ ಮಾತ್ರ, ತುದೀಲಿ ಪುಟ್ಟ ಪುಟ್ಟ ಚೀಲ ಇರ್ತವೆ, ಅವು ಬಾಯಿ ಬಿಟ್ರೆ ಒಳಗಿನ ರಾಸಾಯನಿಕ ಸಂದಿಗೆ ಸುರಿಯತ್ತೆ, ಆಚೆಯವನು ಅದನ್ನ ಹಿಡ್ಕೊಂಡ್ರೆ ಸುದ್ದಿ ಮುಟ್ತು, ಮಿಕ್ಕಿದ್ದನ್ನ ಈಚೆಯವನೇ ವಾಪಸ್ ಎಳ್ಕೋತಾನೆ. ಅಯ್ಯೋ, ಎಸೆಯೋದು ಹಿಡಿಯೋದು ಅನ್ನು, ಇದು ನಮ್ಮ ಕೆಲಸವೇ! ಕಾಯಿಲೆ ನನ್ನದೆಂಬುದೇ ಮರೆತುಹೋಯಿತು, ಕೇಳಿದ್ದೇ ಕೇಳಿದ್ದು — ಹಾಗಾದ್ರೆ ನನ್ನ ತಲೇಲಿ ಕೈ ಸೋತಿರೋದು ಹಿಡಿಯೋನದಾ? ಅಲ್ಲ ಮಾವ, ಹಿಡಿಯೋರು ಕಾಯ್ತಾ ಕೂತಿದ್ದಾರೆ, ಡೋಪಮಿನ್ ಅನ್ನೋ ರಾಸಾಯನಿಕ ಎಸೆಯೋರೇ ಕಮ್ಮಿ ಆಗಿದ್ದಾರೆ, ಈ ಗುಳಿಗೆ ಅದನ್ನ ಮಾಡ್ಕೊಳ್ಳೋಕೆ ಬೇಕಾದ ಸಾಮಾನು. ತಮಾಷೆ ನೋಡು, ಒಳಗೆ ಎಸೆಯುವವರಿಲ್ಲ, ಹೊರಗೆ ಎಸೆಯುವವಳು ಗಟ್ಟಿಮುಟ್ಟಾಗಿದ್ದಾಳೆ.

ಗಟ್ಟಿಮುಟ್ಟು ಮಾತ್ರವೇ, ಕಳ್ಳಿ — ಅವಳು ಜ್ವರ ಬಂದು ಮಲಗಿದ ದಿನ ಮೇಸ್ತ್ರಿ ತಾನೇ ಎಸೆದ, ಮೊದಲನೆಯದೇ ಜಾರಿತು, ಸಂಜೆ ಮನೆಗೆ ಬಂದು ನೀನು ಎಸೆಯುವಾಗ ಒಂದೂ ಬಿದ್ದಿರ್ಲಿಲ್ಲವಲ್ಲೇ ಎಂದರೆ ಗೋಡೆಯ ಕಡೆಗೆ ಹೊರಳಿ ಅಂದಳು, ನಿಮ್ಮ ಬೆರಳು ಬಿಚ್ಚೋದನ್ನ ನೋಡ್ಕೊಂಡು ಎಸೀತಿದ್ದೆ ಕಣ್ರೀ, ನಿಧಾನ ಆಗಿತ್ತು, ವಯಸ್ಸು ಅಂದ್ಕೊಂಡೆ, ಹೇಳಿದ್ರೆ ಕೂಗಾಡ್ತೀರಿ. ಕೂಗಾಡುತ್ತಿದ್ದೆ, ಸುಳ್ಳೇನಲ್ಲ. ತಿಂಗಳುಗಟ್ಟಲೆ ನನ್ನ ಕೈಗಾಗಿ ಕಾದು ಕಾದು ಎಸೆದಿದ್ದಾಳೆ, ನಾನು ಮೀಸೆ ತಿರುವುತ್ತ ಮೇಲೆ ನಿಂತಿದ್ದೆ. ಮೊದಲೆಲ್ಲ ಹೀಗಿರಲಿಲ್ಲ, ನೋಡುತ್ತಲೇ ಇರಲಿಲ್ಲ ಇವಳು, ಗಾರೆ ಕಲಸುವವಳ ಜೊತೆ ಜಗಳವಾಡುತ್ತಲೇ ಎಸೆಯುವಳು, ಇಟ್ಟಿಗೆ ಏರಿ ಏರಿ ನನ್ನೆದೆಯ ಹತ್ತಿರ ಒಂದು ಕ್ಷಣ ನಿಲ್ಲುತ್ತದೆ, ತೂಕವೇ ಇಲ್ಲದೆ, ಆಗ ಹಿಡಿದರೆ ಹೂವು, ಆಮೇಲೆ ಬರೀ ಕಲ್ಲು.

ರೀ, ಎಸೀಲಾ? ಕಣ್ಣು ನನ್ನ ಬೆರಳ ಮೇಲೇ ನೆಟ್ಟಿದೆ, ಬಿಡುವವಳಲ್ಲ. ಬೆರಳು ನೋಡ್ಬೇಡ ಕಣೇ, ಮೊದಲಿನ ಹಾಗೆ ಎಸಿ. ಬಿದ್ರೆ? ಬಿದ್ರೆ ಬೀಳಲಿ, ನೀನು ಪಕ್ಕಕ್ಕೆ ನಿಂತ್ಕೋ. ಹೆದರಿಕೆಯಾಗುತ್ತದೆ, ಹೌದು, ಆದರೂ ನೋಡಬೇಕಲ್ಲ, ಒಳಗಿನ ಚೀಲಗಳು ಬಾಯಿ ಬಿಡುತ್ತವೋ ಇಲ್ಲವೋ — ಅವಳು ತುಟಿ ಕಚ್ಚಿದಳು, ಮುಖ ಆಚೆ ತಿರುಗಿಸಿದಳು, ತೋಳು ಹಿಂದೆ ಹೋಯಿತು, ಬಂತು, ಬಿಚ್ಚಿಕೋ ಎಂದೆ, ಎಂದಾಯಿತು, ಮಾತು ಹೊರಟಿದೆ, ಸಂದಿಗೆ ಬಂದಿದೆ, ಎಸಿರಪ್ಪ ಯಾರಾದರೂ ಎಸಿರಿ, ಇಟ್ಟಿಗೆ ಏರುತ್ತಿದೆ, ನಿಂತಿದೆ, ಕೆಂಪಗೆ, ಒಂದು ಮೂಲೆ ಮುಕ್ಕಾಗಿರುವುದು ಕೂಡ ಕಾಣುತ್ತಿದೆ, ಅವಳ ಕೈ ಬಿಟ್ಟಿದೆ, ನನ್ನ ಕೈ ಮುಟ್ಟಿಲ್ಲ, ಇಟ್ಟಿಗೆ —