ದಕ್ಷಿಣದ ಗೋಡೆಯ ಬೆಂಚು

ಆ ವರ್ಷ ಪಡುವಣ ನಾರ್ವೆಯ ಆ ಸಣ್ಣ ಊರಿಗೆ ಬೇಸಿಗೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಬಿಟ್ಟಿರಲಿಲ್ಲ. ಅದರಿಂದ ಸುಖಪಟ್ಟವರು ಯಾರಾದರೂ ಇದ್ದರೆ ಅವು ಕಂದು ಬಣ್ಣದ, ಚಿಪ್ಪಿಲ್ಲದ ಬಸವನಹುಳುಗಳು. ಬೆರಳುದ್ದದ ಆ ಅಂಟುಹುಳುಗಳು ಹಾಲ್ದಿಸಳ ತೋಟವನ್ನು ಅತ್ತೆಮನೆ ಅಂದುಕೊಂಡು ಬೀಡುಬಿಟ್ಟಿದ್ದವು. ಲೆಟಿಸ್ ಹೋಯಿತು, ಸ್ಟ್ರಾಬೆರಿ ಹೋಯಿತು, ಕೊನೆಗೆ ಚೆಂಡುಹೂವಿನ ಕಾಂಡವನ್ನೂ ಬಿಡಲಿಲ್ಲ. ಹಾಲ್ದಿಸ್ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಳೆಕೋಟು ತೊಟ್ಟು, ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಹಳೆಯ ಕತ್ತರಿ ಹಿಡಿದು ಹೊರಡುವಳು. ಬೇರೆಯವರು ಹುರುಳಿಕಾಯಿ ಕತ್ತರಿಸುವಷ್ಟೇ ನಿರಾಳವಾಗಿ ಹುಳುಗಳನ್ನು ಎರಡು ತುಂಡು ಮಾಡುವಳು. ಆ ಊರಿನಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

ಆದರೆ ಈ ಸಲ ಅವಳ ಕಾಲು ಒಂದು ಕಡೆ ನಿಲ್ಲದಿದ್ದುದಕ್ಕೆ ಹುಳುಗಳು ಕಾರಣವಲ್ಲ. ಸೋಮವಾರ ಮನೆ ಮಾರಿಸುವ ಕಂಪನಿಯಿಂದ ಫೋಟೋ ತೆಗೆಯುವವನು ಬರುವವನಿದ್ದ. ಅವನು ಫೋಟೋ ತೆಗೆದರೆ ಮುಗಿಯಿತು, ಮದುವೆಯಾದಾಗಿನಿಂದ ಅವಳೂ ಗಂಡ ಮಗ್ನಾರನೂ ಬಾಳಿದ ಗುಡ್ಡದ ಮೇಲಿನ ಹಳದಿ ಮನೆ ಮಾರಾಟಕ್ಕೆ. ಬಂದರಿನ ಬಳಿ ಲಿಫ್ಟ್ ಇರುವ ಕಟ್ಟಡದಲ್ಲಿ, ಎರಡು ಕೋಣೆಯ ಫ್ಲ್ಯಾಟನ್ನು ಮಗ್ನಾರ್ ನೋಡಿಕೊಂಡು ಬಂದಿದ್ದ. ಹಾಲ್ದಿಸಳಿಗೆ ಹೋಗಲು ಎಳ್ಳಷ್ಟೂ ಮನಸ್ಸಿರಲಿಲ್ಲ. ಆದರೆ ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಮೂವತ್ತು ವರ್ಷ ಜನರನ್ನು ಆಚೆ ದಡಕ್ಕೆ ದಾಟಿಸುವ ಹಡಗಿನಲ್ಲಿ ಏಣಿ ಹತ್ತಿಳಿದ ಮನುಷ್ಯನ ಮಂಡಿ ಸವೆದಿದೆ, ಅವನಿಗೆ ಲಿಫ್ಟ್ ಬೇಕು ಅನ್ನಿಸಿದರೆ ತಾನು ಅಡ್ಡ ಬರುವುದು ಹೇಗೆ ಎಂಬುದು ಅವಳ ಲೆಕ್ಕಾಚಾರ. ಕೇಳಿಬಿಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಆ ಕರಾವಳಿಯ ಜನರನ್ನು ನೀವು ಕಂಡಿಲ್ಲ. ಹವಾಮಾನದ ಬಗ್ಗೆ ಗಂಟೆಗಟ್ಟಲೆ ಮಾತಾಡುವರು, ಮನಸ್ಸಿನ ಬಗ್ಗೆ ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂದು ಹೆದರುವರು.

ಹಾಗಾಗಿ ಅವಳು ಮಾತಿನ ಬದಲು ಕೆಲಸ ಮಾಡಿದಳು. ಒರೆಸಿದ ಕಪಾಟನ್ನೇ ಮತ್ತೆ ಒರೆಸಿದಳು. ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದಳು, ಮರಳಿ ಮೊದಲಿದ್ದಲ್ಲಿಗೆ ದೂಡಿದಳು. ಕಾಫಿ ಮಾಡಿ ಕುಡಿಯಲು ಮರೆತಳು. ರಾತ್ರಿ ಮಲಗಿದರೂ ನಿದ್ದೆ ಹತ್ತದು.

ಮಗ್ನಾರ್ ಮಾತ್ರ ಸದ್ದಿಲ್ಲದೆ ಮನೆ ಖಾಲಿ ಮಾಡುತ್ತಿದ್ದ. ಆ ವಾರ ಅವನಿಗೆ ಅನುಕೂಲವೂ ಒದಗಿಬಂತು. ಶಾಲೆಯ ಮಕ್ಕಳ ಬ್ಯಾಂಡಿಗೆ ಹೊಸ ತುತ್ತೂರಿ, ಡೋಲು ಕೊಳ್ಳಲೆಂದು ಪ್ರತಿ ವಸಂತದಲ್ಲೂ ಶರತ್ಕಾಲದಲ್ಲೂ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಗುರುವಾರ ಸಂಜೆ ಬೇಡದ ಸಾಮಾನನ್ನು ಗೇಟಿನ ಹೊರಗೆ ಇಟ್ಟರೆ ಸಾಕು, ಬ್ಯಾಂಡಿನ ಮಕ್ಕಳ ಅಪ್ಪ ಅಮ್ಮಂದಿರು ಗಾಡಿ ತಂದು ತುಂಬಿಕೊಂಡು ಹೋಗುವರು. ಗಿಡದ ಕುಂಡ ಮಾತ್ರ ತೆಗೆದುಕೊಳ್ಳುವುದಿಲ್ಲ. ಮಣ್ಣಿನ ಜೊತೆ ಹುಳುವಿನ ಮೊಟ್ಟೆಯೂ ಊರೆಲ್ಲ ಹಂಚಿಹೋಗುತ್ತದಲ್ಲ.

ಗುರುವಾರ ಮಗ್ನಾರ್ ಗುದ್ದಲಿ, ಕುಂಟೆ, ತಳ್ಳುಗಾಡಿ, ಹಿಮ ಎತ್ತುವ ಸಲಿಕೆಗಳನ್ನೆಲ್ಲ ಒಂದೊಂದಾಗಿ ಗೇಟಿಗೆ ಸಾಗಿಸಿದ. ಹಾಲ್ದಿಸ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತಿದ್ದಳು. ಎಷ್ಟು ಅವಸರ ನೋಡು ಇವನಿಗೆ, ನನ್ನನ್ನು ಒಂದು ಮಾತು ಕೇಳಬಾರದೇ ಎಂದುಕೊಂಡಳು. ಕೊನೆಗೆ ತಡೆಯಲಾರದೆ ಹೊರಗೆ ಬಂದು, ದಕ್ಷಿಣದ ಗೋಡೆಗೆ ಒರಗಿದ್ದ ಉದ್ದನೆಯ ಬೆಂಚಿನ ಒಂದು ತುದಿಯನ್ನು ಹಿಡಿದು ನಿಂತಳು.

"ಇದೊಂದ್ಯಾಕೆ ಉಳೀಬೇಕು," ಅಂದಳು. "ಹಿಡ್ಕೋ ಆ ಕಡೆ."

ದೋಣಿ ಇಡುವ ಹಳೆಯ ಕೊಟ್ಟಿಗೆಯ ಹಲಗೆಗಳಿಂದ ಮಗ್ನಾರನೇ ಮಾಡಿದ್ದ ಬೆಂಚು ಅದು, ಅವರು ಆ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ. ಬಿಸಿಲು ಬಂದ ದಿನವೆಲ್ಲ ಇಬ್ಬರೂ ಅಲ್ಲೇ ಕಾಫಿ ಕುಡಿದಿದ್ದರು. ಮಗ್ನಾರ್ ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಇನ್ನೊಂದು ತುದಿ ಎತ್ತಿದ. ಇಬ್ಬರೂ ಮಳೆಯಲ್ಲಿ ನೆನೆಯುತ್ತ ಅದನ್ನು ಗೇಟಿನ ಹೊರಗಿಟ್ಟು ಬಂದರು. ಊಟದ ಹೊತ್ತಿಗೆ ಗಾಡಿ ಬಂದು ಎಲ್ಲವನ್ನೂ ಎತ್ತಿಕೊಂಡು ಹೋಯಿತು. ಆಲೂಗಡ್ಡೆ ತುಸು ಹೆಚ್ಚು ಬೆಂದಿದೆ ಎಂದು ಮಗ್ನಾರ್ ಹೇಳಿದ. ಆ ಸಂಜೆ ಆ ಮನೆಯಲ್ಲಿ ನಡೆದ ಮಾತುಕತೆ ಅಷ್ಟೇ.

ಶುಕ್ರವಾರ ಬೆಳಿಗ್ಗೆ, ತಿಂಗಳುಗಳ ಮೇಲೆ ಮೊದಲ ಸಲ, ಮೋಡ ಹರಿದು ಬಿಸಿಲು ಬಿತ್ತು. ಹಾಲ್ದಿಸ್ ಕಪ್ಪು ಹಿಡಿದು ಹೊರಗೆ ಬಂದವಳು ರೂಢಿಯಂತೆ ಗೋಡೆಗೆ ಬೆನ್ನು ತಿರುಗಿಸಿ ಕೂರಲು ಹೋದಳು. ಬೆಂಚು ಇದ್ದರೆ ತಾನೇ? ಬೀಳುವುದೊಂದು ತಪ್ಪಿತು, ಕಾಫಿ ಏಪ್ರನ್ನಿನ ಮೇಲೆಲ್ಲ ಚೆಲ್ಲಿತು. ಹುಲ್ಲಿನ ಮೇಲೆ ಬೆಂಚಿನ ಕಾಲುಗಳಿದ್ದ ಬೋಳು ಗುರುತು, ಅದರ ಮೇಲೆ ಒಂದು ಹುಳು ಹಾಯಾಗಿ ಕೂತಿತ್ತು. ಅದನ್ನು ಕತ್ತರಿಸಲೂ ಅವಳಿಗೆ ಮನಸ್ಸು ಬರಲಿಲ್ಲ. ಎದುರಿಗೆ ಗುಡ್ಡಗಳ ನಡುವೆ ಒಳನುಗ್ಗಿದ ಕಡಲು, ಫ್ಯೋರ್ಡು, ಥಳಥಳಿಸುತ್ತಿತ್ತು. ಅಲ್ಲೇ ನಿಂತು, ಒದ್ದೆ ಏಪ್ರನ್ ಹಿಡಿದುಕೊಂಡು, ಅವಳು ಅತ್ತಳು. ತಾನು ಎಂಥ ಮೂರ್ಖಳು, ಕೊಟ್ಟದ್ದು ಬೆಂಚಲ್ಲ, ಮನೆಯನ್ನೇ ತನ್ನ ಕೈಯಾರೆ ಗೇಟಿನ ಹೊರಗಿಟ್ಟು ಬಂದಂತೆ ಅನ್ನಿಸಿತು.

ಮಧ್ಯಾಹ್ನ ಬ್ರೆಡ್ ತರುವ ನೆಪ ಹೇಳಿ ಶಾಲೆಗೆ ಓಡಿದಳು. ವ್ಯಾಯಾಮದ ಸಭಾಂಗಣದಲ್ಲಿ ಊರಿನ ಅರ್ಧ ಸಂಸಾರ ರಾಶಿ ಬಿದ್ದಿತ್ತು. ಬಾಗಿಲಲ್ಲಿ ಬ್ಯಾಂಡಿನ ಹುಡುಗಿಯೊಬ್ಬಳ ತಾಯಿ, ಊರಿಗೆ ಹೊಸಬಳು, ಕೈ ಅಡ್ಡ ಹಿಡಿದು ನಿಂತಿದ್ದಳು. ಹಾಲ್ದಿಸ್ ನಮ್ಮ ಬೆಂಚನ್ನು ತಪ್ಪಿ ಕೊಟ್ಟುಬಿಟ್ಟೆವು, ಅದನ್ನೊಂದು ವಾಪಸು ಕೊಡಿ ಎಂದು ಕೇಳಿದಳು. ಆ ಹೆಂಗಸು ನಯವಾಗಿಯೇ ಆಗುವುದಿಲ್ಲ ಅಂದಳು. ಕೊಟ್ಟಿದ್ದು ಕೊಟ್ಟ ಹಾಗೆ. ಶನಿವಾರ ಬಾಗಿಲು ತೆರೆಯುವ ಮೊದಲು ಯಾರಿಗೂ ಏನನ್ನೂ ಕೊಡುವಂತಿಲ್ಲ, ಇಲ್ಲಿ ದುಡಿಯುವವರಿಗೂ ಇಲ್ಲ. ಒಬ್ಬರಿಗೆ ಕೊಟ್ಟರೆ ಊರಿಗೆಲ್ಲ ಉತ್ತರ ಹೇಳಬೇಕು.

"ಅದೂ ಅಲ್ದೆ," ಅಂದಳು, "ಅದೇ ಬೆಂಚಿಗೆ ಬೆಳಿಗ್ಗೆನೇ ಇನ್ನೊಬ್ರು ಬಂದು ಕೇಳಿದ್ರು. ಅವ್ರಿಗೂ ಇಲ್ಲ ಅಂದ್ಬಿಟ್ಟೆ."

ಯಾರು ಎಂದು ಕೇಳಿದರೆ ಗೊತ್ತಿಲ್ಲ, ಯಾರೋ ಗಂಡಸು ಅಂದಳು. ಮನೆಗೆ ಮರಳುವ ದಾರಿಯುದ್ದಕ್ಕೂ ಹಾಲ್ದಿಸ್ ಊರಿನ ಗಂಡಸರನ್ನೆಲ್ಲ ಮನಸ್ಸಿನಲ್ಲೇ ವಿಚಾರಣೆ ಮಾಡಿದಳು. ಔಷಧಿ ಅಂಗಡಿಯವನಿಗೆ ಹೊಸ ಜಗಲಿ ಇದೆ, ಅವನೇ ಇರಬೇಕು. ಇಲ್ಲವೇ ಹಳೆಯ ಸಾಮಾನಿಗೆ ನೀಲಿ ಬಣ್ಣ ಬಳಿದು ಪಟ್ಟಣದಲ್ಲಿ ಮಾರುವ ಆ ಮೀಸೆಯವನು. ತಮ್ಮ ಬೆಂಚಿಗೆ ನೀಲಿ ಬಣ್ಣ! ಬ್ರೆಡ್ ತರುವುದು ಮರೆತೇಹೋಯಿತು. ಮಗ್ನಾರ್ ಬ್ರೆಡ್ ಎಲ್ಲಿ ಎಂದೂ ಕೇಳಲಿಲ್ಲ. ಅವನೂ ಎಲ್ಲೋ ಮನಸ್ಸಿಟ್ಟು ಸಪ್ಪಗೆ ಕೂತಿದ್ದ. ಮನೆ ಮಾರುವ ಖುಷಿ ಇವನ ಮುಖದಲ್ಲೂ ಕಾಣೆನಲ್ಲ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು, ಆದರೆ ಅದನ್ನು ಮಂಡಿನೋವಿನ ಲೆಕ್ಕಕ್ಕೆ ಬರೆದುಬಿಟ್ಟಳು.

ಶನಿವಾರ ಮಗ್ನಾರ್ ಬಂದರಿನಲ್ಲಿರುವ ತಮ್ಮ ಸಣ್ಣ ದೋಣಿಗೆ ತುಂಬಿದ ಮಳೆನೀರು ಎತ್ತಿಹಾಕಬೇಕೆಂದು ಹೇಳಿ ಬೇಗನೆ ಹೊರಟುಹೋದ. ಅವಳೂ ಪಕ್ಕದ ಮನೆ ಬೋರ್ಗ್ನಿಯ ಹತ್ತಿರ ಕಾಫಿಗೆ ಹೋಗುತ್ತೇನೆ ಎಂದು ಹೇಳಿದ್ದವಳು, ಅವನು ಹೋದ ಒಂದು ಗಂಟೆಯ ಮೇಲೆ ಶಾಲೆಯ ದಾರಿ ಹಿಡಿದಳು. ಮಳೆ ಮತ್ತೆ ಶುರುವಾಗಿತ್ತು. ಬಾಗಿಲಿನಿಂದ ಶುರುವಾದ ಸಾಲು ಕಟ್ಟಡದ ಮೂಲೆ ತಿರುಗಿ ಸೈಕಲ್ ನಿಲ್ಲಿಸುವ ಕಡೆಗೂ ಬಂದಿತ್ತು. ಮುಂದೆ ಯಾರಿದ್ದಾರೆ ಎಂದು ಕಾಣಿಸದು. ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಾಗ ಬೆನ್ನ ಹಿಂದೆ ಬಂದು ನಿಂತವಳು ಮತ್ತಾರೂ ಅಲ್ಲ, ಕಾಫಿ ಕೊಡಬೇಕಿದ್ದ ಬೋರ್ಗ್ನಿಯೇ.

"ಏನೇ ಹಾಲ್ದಿಸ್, ಮನೆ ಖಾಲಿ ಮಾಡೋರಿಗೆ ಹಳೇ ಸಾಮಾನು ಯಾಕೆ?" ಎಂದು ಕೇಳಿದಳು. "ಬರೋರು ನಾಯಿ ಸಾಕೋರಾದ್ರೆ ನನ್ ಗತಿ ಏನು, ಸ್ವಲ್ಪ ವಿಚಾರ್ಸಿ ಮಾರಿ."

ಹಾಲ್ದಿಸ್ ಮೋಡದ ಕಡೆ ನೋಡಿ, ಇದು ಇವತ್ತಿಗೆ ನಿಲ್ಲುವ ಮಳೆಯಲ್ಲ ಅಂದಳು. ಒಳಗೆ ಮಕ್ಕಳು ಡೋಲು ಬಾರಿಸಿ ತುತ್ತೂರಿ ಊದಿದರು. ಅಪಸ್ವರವೋ ಸ್ವರವೋ, ಬಾಗಿಲು ತೆರೆಯಿತು.

ಸಭ್ಯತೆಗೆ ಹೆಸರಾದ ಆ ಊರಿನ ಜನ ವರ್ಷಕ್ಕೆ ಎರಡು ಸಲ ಸಭ್ಯತೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ, ಎರಡೂ ಇದೇ ಬಾಗಿಲಿಗೆ. ಹಾಲ್ದಿಸ್ ಯಾರದೋ ಮಗುವಿನ ತಳ್ಳುಗಾಡಿ ದಾಟಿದಳು, ಪುಸ್ತಕದ ಮೇಜಿನ ಕೆಳಗೆ ಬಗ್ಗಿ ನುಸುಳಿದಳು, ಪಿಂಗಾಣಿ ತಟ್ಟೆಗಳ ನಡುವೆ ಮೊಣಕೈಯಿಂದ ದಾರಿ ಮಾಡಿಕೊಂಡಳು. ಔಷಧಿ ಅಂಗಡಿಯವನು ಮೀನುಗಾಳದ ಮೇಜಿನ ಬಳಿ ಕಂಡ. ಸದ್ಯ. ಮೀಸೆಯವನು ಗಡಿಯಾರ ಅಲ್ಲಾಡಿಸುತ್ತಿದ್ದ. ಸದ್ಯ. ಕೊನೆಗೆ ಪೀಠೋಪಕರಣಗಳಿಟ್ಟ ದೂರದ ಮೂಲೆಗೆ ಬಂದಳು.

ಬೆಂಚು ಅಲ್ಲೇ ಇತ್ತು. ಅದರ ಮೇಲೆ ಒಬ್ಬ ಗಂಡಸು, ಮಳೆಯಲ್ಲಿ ತೊಯ್ದ ಟೊಪ್ಪಿ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಹಲಗೆ ಹಿಡಿದು, ಯಾರು ಬಂದರೂ ಏಳುವುದಿಲ್ಲ ಎಂಬ ಹಾಗೆ ಕೂತಿದ್ದ. ಮಗ್ನಾರ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಾಲ್ದಿಸಳಿಗೆ ಮೊದಲು ಬಂದದ್ದು ಕೋಪ.

"ದೋಣೀಲಿ ನೀರು ತುಂಬಿತ್ತಲ್ಲ?"

"ನೀನು ಕಾಫಿಗೆ ಹೋಗಿದ್ದೆ," ಅಂದ ಅವನು.

ಅವಳು ಬಂದು ಪಕ್ಕದಲ್ಲಿ ಕೂತಳು. ಬೆಂಚು ಹಳೆಯ ರೀತಿಯಲ್ಲೇ ಕಿರುಗುಟ್ಟಿತು. ಹಿಂದಿನ ದಿನ ಬೆಳಿಗ್ಗೆ ಬಂದು ಕೇಳಿದವನು ನೀನೇನಾ ಎಂದು ಅವಳು ಕೇಳಿದಳು. ಅವನು ತಲೆಯಾಡಿಸಿದ. ಬೆಳಿಗ್ಗೆ ಎದ್ದು ಕಿಟಕಿಯಿಂದ ಬಗ್ಗಿ ನೋಡಿದಾಗ ಗೋಡೆಯ ಬುಡ ಬರಿದಾಗಿದ್ದದ್ದು ಕಂಡು ಅವನಿಗೂ ತಡೆಯಲಾಗಿರಲಿಲ್ಲವಂತೆ. ಇವತ್ತು ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತನಂತೆ. ದುಡ್ಡು ಕೊಡಲು ಎದ್ದು ಹೋದರೆ ಇನ್ಯಾರೋ ಕೂತುಬಿಡುತ್ತಾರೆಂದು ಹೀಗೆ ಕೂತೇ ಇದ್ದ.

"ಅಲ್ಲಾ, ಯಾಕೆ?" ಅಂದಳು. "ಫ್ಲ್ಯಾಟಿಗೆ ಹೋದ್ಮೇಲೆ ಇದನ್ನೇನ್ ಮಾಡ್ತೀಯ?"

"ಆ ಬಾಲ್ಕನೀಲಿ ಇದು ಹಿಡಿಯಲ್ಲ. ಅಳತೆ ಮಾಡ್ ನೋಡಿದೀನಿ."

"ಮತ್ತೆ?"

"ಮತ್ತೇನು. ಹಿಡಿಯಲ್ಲ."

ಮಗ್ನಾರನ ಬಾಯಿಂದ ಒಂದು ಮನದಾಳದ ಮಾತು ಬಂದರೆ ಅದು ಹೀಗೆಯೇ ಬರುತ್ತದೆ, ಹಾಲ್ದಿಸಳಿಗೆ ಅದು ಗೊತ್ತಿರಬೇಕಿತ್ತು. ಮಕ್ಕಳ ಬ್ಯಾಂಡು, ಜನರ ಗಲಾಟೆ, ತಿಂಡಿಯ ಮೇಜಿನಿಂದ ಬರುತ್ತಿದ್ದ ಕಾಯ್ದ ಬೆಣ್ಣೆಯ ವಾಸನೆಯ ನಡುವೆ ಅವಳು ನಾಲ್ಕು ತಿಂಗಳಿನಿಂದ ನುಂಗಿಕೊಂಡಿದ್ದನ್ನು ಹೇಳಿಯೇಬಿಟ್ಟಳು.

"ನಂಗೆ ಹೋಗೋಕೆ ಇಷ್ಟ ಇಲ್ಲ ಮಗ್ನಾರ್. ನೀನು ಹೋಗ್ಬೇಕು ಅಂದೆ ಅಂತ ಸುಮ್ನಿದ್ದೆ."

ಅವನು ಅವಳ ಕಡೆಗೆ ಪೂರ್ತಿ ತಿರುಗಿದ. "ನಾನೆಲ್ಲಂದೆ? ಮಾರು ಅಂದೋಳು ನೀನು."

"ನಾನಾ?"

"ಮೇ ತಿಂಗಳಲ್ಲಿ. ಕೋಸಿನ ಸಸಿ ಎಲ್ಲಾ ತಿಂದ್ಹಾಕಿತ್ತಲ್ಲ, ಆವತ್ತು. ಬಕೆಟ್ ಎಸ್ದು, ಈ ಮನೆ ಮಾರಿ ಹಾಳಾಗ್ ಹೋಗ್ಲಿ, ನಂಗ್ ಸಾಕು ಅಂದೆ."

ಹಾಲ್ದಿಸಳಿಗೆ ನೆನಪಾಯಿತು. ಬಕೆಟ್ ಎಸೆದದ್ದು ನೆನಪಾಯಿತು, ಅದು ಬೇಲಿಗೆ ತಾಗಿ ಹುಳುವೆಲ್ಲ ಮತ್ತೆ ಮಡಿಗೇ ಬಿದ್ದದ್ದೂ ನೆನಪಾಯಿತು. ಬಾಯಿಗೆ ಬಂದದ್ದನ್ನು ಅಂದು, ಅರ್ಧ ಗಂಟೆಯಲ್ಲಿ ಮರೆತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೆಂಡತಿ ಸಿಟ್ಟಿನಲ್ಲಿ ಆಡಿದ ಮಾತನ್ನು ಶಿಲಾಶಾಸನ ಮಾಡಿಕೊಂಡು, ಅಂದಿನಿಂದ ಬ್ಯಾಂಕು, ಫ್ಲ್ಯಾಟು, ಫೋಟೋದವನು ಎಂದು ಅಲೆದ ಗಂಡ ಅವಳ ಪಕ್ಕದಲ್ಲೇ ಕೂತಿದ್ದ. ಒಂದು ಸಲವಾದರೂ ನಿಜವಾಗಿಯೂ ಮಾರಲೇ ಎಂದು ಕೇಳದ ಗಂಡ.

"ಅದು ಹುಳುಗಳ ಮೇಲಿನ ಸಿಟ್ಟು ಕಣೋ," ಅಂದಳು.

"ನಂಗ್ ಹೆಂಗ್ ಗೊತ್ತಾಗ್ಬೇಕು."

ಅವಳಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಊರೆಲ್ಲ ನೋಡುತ್ತಿದ್ದುದರಿಂದ ಎರಡನ್ನೂ ಮಾಡಲಿಲ್ಲ. ನಿನ್ನ ಮಂಡಿಯ ಗತಿ ಏನು, ಗುಡ್ಡ ಹತ್ತಬೇಕಲ್ಲ, ಮೆಟ್ಟಿಲು ಇದೆಯಲ್ಲ ಎಂದು ಕೇಳಿದಳು. ಈ ಸಲ ಉತ್ತರಕ್ಕೆ ಹೆದರದೆ ಕೇಳಿದಳು.

ಮಗ್ನಾರ್ ಮಂಡಿ ಸವರಿಕೊಂಡ. "ನೋಯುತ್ತೆ," ಅಂದ. "ಲಿಫ್ಟಲ್ಲಿ ನಿಂತ್ರೂ ನೋಯುತ್ತೆ. ಬಗ್ಗೋಕಾಗಲ್ಲ, ಹುಳ ನೀನೇ ಹಿಡೀಬೇಕು. ಬಕೆಟ್ ಬೇಕಾದ್ರೆ ಹಿಡ್ಕೋತೀನಿ."

ಅಷ್ಟರಲ್ಲಿ, ಕಂಕುಳಲ್ಲಿ ಹಳೆಯ ಮೇಜುದೀಪ ಸಿಕ್ಕಿಸಿಕೊಂಡ ಯುವಕನೊಬ್ಬ ಅವರ ಮುಂದೆ ಬಂದು ನಿಂತ. ಬೆಂಚಿನ ತುದಿ ತಟ್ಟಿ ನೋಡಿದ, ಬಗ್ಗಿ ಕಾಲುಗಳ ಗಟ್ಟಿತನ ನೋಡಿದ. ಹಲಗೆ ಒಳ್ಳೆಯದಿದೆ, ಇದು ಎಷ್ಟಕ್ಕೆ ಎಂದು ವಿನಯವಾಗಿ ಕೇಳಿದ.

"ಇದು ಕೊಡಲ್ಲಪ್ಪ," ಅಂದ ಮಗ್ನಾರ್. "ಮನೇನೂ ಕೊಡಲ್ಲ."