ಸದ್ದಿಲ್ಲದ ಹದಿಮೂರನೆಯ ಕಂತು

ಈ ಸಂಗತಿಯನ್ನು ಬರೆಯಲು ಕೈಹಾಕಿದ್ದೇ ತಪ್ಪಿರಬಹುದು. ಬೆಟಗೇರಿಯ ಆ ಓಣಿಯಲ್ಲಿ ಇದನ್ನು ಇದಕ್ಕಿಂತ ಚೆನ್ನಾಗಿ, ಕೈ ತಿರುವಿ ಮುಖ ಮಾಡಿ ಹೇಳುವವರು ಹತ್ತು ಮಂದಿ ಸಿಗುತ್ತಾರೆ. ಅವರಲ್ಲಿ ಯಾರೂ ಬರೆದಿಡಲಿಲ್ಲ ಎಂಬುದೊಂದೇ ಇಲ್ಲಿನ ನೆಪ. ಎಲ್ಲಾದರೂ ಹೆಚ್ಚುಕಡಿಮೆ ಆಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಬಸವಣ್ಣೆವ್ವನಿಗೆ ಈಗ ಐವತ್ತಾರು. ಹದಿನಾರನೆಯ ವಯಸ್ಸಿನಲ್ಲಿ ಅವಳು ಮಾಳವ್ವನ ಮನೆಯ ಪಡಸಾಲೆಯಲ್ಲಿ ಬೇರೆ ಆರು ಹೆಂಗಸರ ಜೊತೆ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಆ ವರ್ಷ ಟಿವಿಯಲ್ಲಿ ‘ದೂರಗ್ರಹದ ನೆಂಟಳು’ ಎಂಬ ಧಾರಾವಾಹಿ ಬಂತು. ವಾರಕ್ಕೊಂದರಂತೆ ಹದಿಮೂರು ಕಂತು. ಬೇರೆ ಗ್ರಹದ ಹೆಣ್ಣೊಬ್ಬಳು ದಾರಿ ತಪ್ಪಿ ಭೂಮಿಗಿಳಿದು, ಖಾನಾವಳಿ ನಡೆಸುವ ಒಬ್ಬ ಮುದುಕಿಯ ಹತ್ತಿರ ರೊಟ್ಟಿ ಬಡಿಯಲು ಕಲಿಯುತ್ತಾಳೆ. ಅವಳ ತಲೆಗೆ ಒಂದು ಸ್ಟೀಲಿನ ಬೋಗುಣಿ, ಮುಖಕ್ಕೆ ಕರಿ ಗಾಜು. ಟಿವಿಗೆ ಬಣ್ಣ ಬಂದಾಗಿದ್ದರೂ ಆ ಧಾರಾವಾಹಿಯವರಿಗೆ ಬಣ್ಣದ ಕ್ಯಾಮೆರಾ ಸಿಗಲಿಲ್ಲವೋ ಏನೋ, ಎಲ್ಲ ಕಪ್ಪು ಬಿಳುಪು. ಅವಳ ಸೀರೆ ಯಾವ ಬಣ್ಣದ್ದು ಎಂದು ಪಡಸಾಲೆಯಲ್ಲಿ ಪ್ರತಿ ವಾರ ಜಗಳವಾಗುತ್ತಿತ್ತು. ನೇಯುವವರ ಮನೆಯಲ್ಲಿ ಅದು ಸಣ್ಣ ಜಗಳವಲ್ಲ.

ಓಣಿಗೆಲ್ಲ ಇದ್ದದ್ದು ಒಂದೇ ಟಿವಿ. ಲಾಡಸಾಬನ ರೇಡಿಯೊ ರಿಪೇರಿ ಅಂಗಡಿಯದು. ಏಳು ಮಂದಿಯೂ ಎದ್ದು ಹೋದರೆ ಮಗ್ಗ ನಿಲ್ಲುತ್ತದೆ. ಆದ್ದರಿಂದ ಒಂದು ಕರಾರಾಯಿತು. ಒಬ್ಬಳು ಹೋಗಿ ನೋಡಿಕೊಂಡು ಬಂದು ಹೇಳುವುದು, ಉಳಿದವರು ಅವಳ ಪಾಲಿನ ಕಂಡಿಕೆಯನ್ನೂ ಸುತ್ತುವುದು. ಬಾಯಿ ಚುರುಕೆಂದು ಬಸವಣ್ಣೆವ್ವನನ್ನು ಕಳಿಸಿದರು. ಹನ್ನೆರಡು ಕಂತನ್ನು ಅವಳು ಒಂದು ಮಾತು ಬಿಡದೆ, ಒಂದು ಮಾತು ಸೇರಿಸದೆ ತಂದು ಒಪ್ಪಿಸಿದಳು.

ಹದಿಮೂರನೆಯದನ್ನು ಅವಳು ನೋಡಲೇ ಇಲ್ಲ. ದಾರಿಯಲ್ಲಿ ಬಿಸಿ ಮಿರ್ಚಿ ಭಜಿಯ ಬುಟ್ಟಿ ಕಂಡಿತು. ಒಂದು ತಿಂದಳು, ಖಾರಕ್ಕೆ ಕಣ್ಣೀರು ಬಂತು, ಖಾರ ಇಳಿಯಲೆಂದು ಇನ್ನೊಂದು ತಿಂದಳು. ಅಂಗಡಿ ಮುಟ್ಟುವ ಹೊತ್ತಿಗೆ ಜನ ಧೋತರ ಕೊಡವಿಕೊಂಡು ಏಳುತ್ತಿದ್ದರು. “ಏನಾತ್ರಿ?” ಎಂದು ಒಬ್ಬನನ್ನು ಕೇಳಿದಳು. “ಏನಾಗೋದೈತಿ, ಮುಗೀತು,” ಎಂದು ಅವನು ಹೋದ.

ಅಂಗಡಿಯಿಂದ ಪಡಸಾಲೆಗೆ ನೂರಿನ್ನೂರು ಹೆಜ್ಜೆ. ಅಷ್ಟರಲ್ಲಿ ಬಸವಣ್ಣೆವ್ವ ಕೊನೆಯನ್ನು ಕಟ್ಟಿದಳು. ನೆಂಟಳು ಹೊರಟು ನಿಲ್ಲುತ್ತಾಳೆ. ಇಷ್ಟು ದಿನ ಹೆಸರೇ ಹೇಳಲಿಲ್ಲವಲ್ಲ ತಂಗಿ ಎಂದು ಮುದುಕಿ ಕೇಳುತ್ತಾಳೆ. ಆಗ ಅವಳು ಬಾಗಿ ಹೆಸರು ಹೇಳುತ್ತಾಳೆ. ಏನು ಹೆಸರು? ಮಿರ್ಚಿ ಕಟ್ಟಿಕೊಟ್ಟ ಪೇಪರಿನ ತುಂಡು ಇನ್ನೂ ಕೈಯಲ್ಲಿತ್ತು. ಅದರಲ್ಲಿ ತಲೆಗೆ ಹಚ್ಚುವ ಎಣ್ಣೆಯ ಒಂದು ಜಾಹೀರಾತು: ಸುಲೋಮಾ.

ಪಡಸಾಲೆಯಲ್ಲಿ ಆರೂ ಮಂದಿ ಅತ್ತರು. ಮಾಳವ್ವನಂಥ ಗಟ್ಟಿ ಹೆಂಗಸೂ ಸೆರಗು ಕಣ್ಣಿಗೆ ಒತ್ತಿಕೊಂಡಳು. ಅವರಲ್ಲೊಬ್ಬಳಾದ ಚನ್ನಮ್ಮನಂತೂ ಶಿರಹಟ್ಟಿಗೆ ಮದುವೆಯಾಗಿ ಹೋಗಿ, ಹುಟ್ಟಿದ ಮೊದಲ ಮಗಳಿಗೆ ಅದೇ ಹೆಸರಿಟ್ಟಳು. ಸುಲೋಮಾ ಈಗ ಮುಂಡರಗಿಯಲ್ಲಿ ಹೈಸ್ಕೂಲು ಟೀಚರು. ಅವಳು ಎದುರಿಗೆ ಬಂದು “ಆರಾಮ ಏನ್ರಿ ಚಿಗವ್ವಾ?” ಎಂದು ಕೇಳಿದಾಗಲೆಲ್ಲ ಬಸವಣ್ಣೆವ್ವನಿಗೆ ಮಿರ್ಚಿಯ ಖಾರ ಗಂಟಲಿಗೆ ಹತ್ತುತ್ತಿತ್ತು.

ಕಳೆದ ವರ್ಷ ಒಂದು ಮಧ್ಯಾಹ್ನ ಲಾಡಸಾಬನ ಮಗ ನವಾಜ ಅವಳ ಮನೆಗೆ ಬಂದ. ಲಾಡಸಾಬ ತೀರಿ ಎಂಟು ವರ್ಷ ಆಗಿತ್ತು. ನವಾಜ ಅದೇ ಅಂಗಡಿಯಲ್ಲಿ ಮದುವೆ ವಿಡಿಯೊ, ಝೆರಾಕ್ಸ್ ನಡೆಸುತ್ತಾನೆ.

“ಚಿಗವ್ವಾ, ನಿಮ್ಮ ಬೆರಳು ಬೇಕಾಗ್ಯಾವ್ರಿ,” ಎಂದ.

“ಯಾತಕ್ಕೋ ತಮ್ಮಾ? ಇರೋವು ಹತ್ತಽ ಅದಾವ.”

“ಹತ್ತೂ ಬೇಕ್ರಿ. ಲಕ್ಷ್ಮೇಶ್ವರದಾಗ ನಮ್ಮ ಸೋದರತ್ತಿ ಶಮಶಾದ ಫೂಫಿ ಮನ್ಯಾಗ, ಟ್ರಂಕಿನ್ಯಾಗ, ಅಬ್ಬಾ ಟಿವಿಯಿಂದ ತುಂಬಿಟ್ಟ ವಿಡಿಯೊ ಕ್ಯಾಸೆಟ್ ಸಿಕ್ಕಾವ. ನಿಮ್ಮ ನೆಂಟಳು ಅದಾಳ್ರಿ ಅವುದರಾಗ. ಟಿವಿಯವರ ಹತ್ರನೂ ಇಲ್ಲಂತ, ಅಳಿಸಿ ಅದರ ಮ್ಯಾಲ ಬ್ಯಾರೆ ಏನೋ ತುಂಬಿರಬೇಕು. ಖರೆ ಹೇಳಬೇಕಂದ್ರ, ಲೋಕದಾಗ ಉಳದದ್ದು ಇದೊಂದಽ ಇದ್ರೂ ಇರಬಹುದು.”

ಬಸವಣ್ಣೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಎಲ್ಲಾ ಕಂತೂ ಅದಾವೇನು?”

“ಹನ್ನೆರಡು ಕಂತು ಕಂಪ್ಯೂಟರಿಗೆ ಇಳಿಸೇನ್ರಿ. ಕಡೀದೊಂದು ಉಳದೈತಿ. ಬೂಷ್ಟು ಹಿಡದು ಪಟ್ಟಿ ಸುತ್ತು ಒಂದಕ್ಕೊಂದು ಅಂಟ್ಯಾವ. ಮಷಿನ್ಯಾಗ ಹಾಕಿದ್ರ ಕಚ್ಚಿ ಹರಿತೈತಿ. ಕೈಲೆ ಬಿಚ್ಚಿ, ಒರಸಿ, ಮತ್ತ ಸುತ್ತಬೇಕು. ನನ್ನ ಕೈ ನಡಗತಾವ್ರಿ. ನಿಮ್ಮಂಗ ಎಳಿ ಹಿಡಿಯೋರು ಈ ಓಣ್ಯಾಗ ಯಾರದಾರ?”

ಹಂಚಿನ ಮೇಲೆ ರೊಟ್ಟಿ ಹೊತ್ತಿತು. ಅದು ಅವಳ ಮನೆಯಲ್ಲಿ ಅಪರೂಪ.

ಒಲ್ಲೆ ಎನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಮೂರು ಮಧ್ಯಾಹ್ನ ನವಾಜನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಳು. ಕ್ಯಾಸೆಟ್ಟಿನ ಡಬ್ಬಿ ಬಿಚ್ಚಿ, ಕರಿ ಪಟ್ಟಿಯನ್ನು ಗೇಣು ಗೇಣಾಗಿ ಎಳೆದು, ಸ್ಪಿರಿಟ್ ಮುಟ್ಟಿಸಿದ ಮೆತ್ತನೆಯ ಬಟ್ಟೆಯಿಂದ ಬಿಳಿ ಬೂಷ್ಟು ಒರೆಸಿ, ಇನ್ನೊಂದು ಗಾಲಿಗೆ ಸುತ್ತುವುದು. ಬಿಗಿ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಸುಕ್ಕುಗಟ್ಟುತ್ತದೆ. ನಲವತ್ತು ವರ್ಷದಿಂದ ಮಾಡಿದ್ದೇ ಅದು. ನವಾಜ ಪಕ್ಕದಲ್ಲಿ ನಿಂತು “ಅಗದೀ ಹಗೂರಕ ಚಿಗವ್ವಾ” ಎನ್ನುತ್ತಿದ್ದ. “ನೀ ಉಸರ ಬಿಡೋದು ನಿಲ್ಲಸು, ಗಾಳಿಗೆ ಹಾರತೈತಿ,” ಎಂದು ಅವಳು ಗದರಿದ ಮೇಲೆ ದೂರ ಹೋಗಿ ಕೂತ.

ಮೂರನೆಯ ದಿನ ಯಾರೋ ಆಧಾರ್ ಕಾರ್ಡು ಝೆರಾಕ್ಸಿಗೆ ಕರೆದರೆಂದು ನವಾಜ ಎದ್ದು ಹೊರಗೆ ಹೋದ. ಬಸವಣ್ಣೆವ್ವ ಒಬ್ಬಳೇ ಉಳಿದಳು. ಗಾಲಿಯಲ್ಲಿ ಇನ್ನು ಸ್ವಲ್ಪವೇ ಇತ್ತು. ಕಂತಿನ ಕೊನೆ ಅದರೊಳಗೇ ಇರಬೇಕು. ಅವಳು ಹೇಳಿದ್ದು ಸುಳ್ಳೆಂದು ಬಿಚ್ಚಿ ತೋರಿಸುವ ಸಾಕ್ಷಿ ಹೆಬ್ಬೆರಳು ತೋರುಬೆರಳಿನ ನಡುವೆ ಹೂವಿನ ಎಸಳಿನಷ್ಟು ತೆಳ್ಳಗೆ ಕೂತಿತ್ತು. ಒಂದು ಜಗ್ಗು ಸಾಕು. ಹಳೆಯದು, ಹರೀತು ಎಂದರಾಯಿತು. ನವಾಜನೇ ತಿರುಗಿ ಅವಳಿಗೆ ಸಮಾಧಾನ ಹೇಳುವ ಹುಡುಗ.

ಅವಳು ಜಗ್ಗಲಿಲ್ಲ. ಹಾಗೆಂದು ಧೈರ್ಯ ಬಂತೆಂದೂ ಅಲ್ಲ. ಅಷ್ಟರಲ್ಲಿ ಪಟ್ಟಿ ಒಂದು ಕಡೆ ತಾನಾಗಿಯೇ ಸೀಳಿದ್ದು ಕಣ್ಣಿಗೆ ಬಿತ್ತು. ನೋಡುವುದರೊಳಗೆ ಬೆರಳುಗಳು ಎರಡು ತುದಿಯನ್ನೂ ಸಮ ಮಾಡಿ ಹಿಡಿದಿದ್ದವು. “ನವಾಜ, ಅಂಟಪಟ್ಟಿ ತಾರೋ, ಎಳಿ ಕಡದೈತಿ,” ಎಂದು ಕೂಗಿದಾಗ ಅವಳಿಗೇ ತನ್ನ ಮೇಲೆ ಸಿಟ್ಟು ಬಂತು. ಕಡಿದ ಎಳೆ ಕಂಡರೆ ಕೂಡಿಸುವುದನ್ನು ಬಿಟ್ಟು ಆ ಬೆರಳುಗಳಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ನವಾಜ ಅಂಗಡಿಯ ಷಟರ್ ಅರ್ಧ ಇಳಿಸಿ, ಗೋಡೆಗೆ ಬಿಳಿ ಪರದೆ ಕಟ್ಟಿದ. ಮಾಳವ್ವ ಕೋಲೂರಿಕೊಂಡು ಬಂದಳು, ಅವಳಿಗೆ ಎಂಬತ್ತು ದಾಟಿದೆ. ಚನ್ನಮ್ಮ ಶಿರಹಟ್ಟಿಯಿಂದ ಬಸ್ಸು ಹಿಡಿದು, ಒಂದು ಡಬ್ಬಿ ಅವಲಕ್ಕಿ ಚೂಡಾ ಕಟ್ಟಿಕೊಂಡು ಬಂದಳು. ಓಣಿಯ ಇನ್ನೊಂದಿಷ್ಟು ಹೆಂಗಸರೂ ಸೇರಿದರು. ಬಸವಣ್ಣೆವ್ವ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ಕೂತಳು.

“ಮುಂದ ಬಾ ಬೇ, ಅಲ್ಯಾಕ ಬೀಗರಂಗ ಕುಂತಿ?” ಎಂದಳು ಚನ್ನಮ್ಮ.

“ಇಲ್ಲಿ ಗಾಳಿ ಐತಿ.”

ಮೊದಲು ಹನ್ನೆರಡನೆಯ ಕಂತು ಹಾಕಿದ. ಹಳೆಯ ಗೀರುಗಳೆಲ್ಲ ಹೋಗಿ ಚಿತ್ರ ತೊಳೆದಿಟ್ಟ ಹಾಗಿತ್ತು. ನೆಂಟಳನ್ನು ಕರೆದೊಯ್ಯಲು ಆಕಾಶನೌಕೆ ಇಳಿಯಿತು. ಅದು ಎರಡು ಜರಡಿಗಳನ್ನು ಬೋರಲು ಕೂಡಿಸಿದ್ದೆಂದು ಈಗ ಸ್ಪಷ್ಟ ಕಾಣುತ್ತಿತ್ತು. ಕೆಳಗಿನ ಬೆಂಕಿ ಸುರಸುರಬತ್ತಿಯದು. ಹೆಂಗಸರು ನಕ್ಕರು. ಆದರೆ ಬೋಗುಣಿಯ ನೆಂಟಳು ಕಡೆಯ ರೊಟ್ಟಿ ಬಡಿದು, ಅದು ಹರಿದಾಗ ಮುದುಕಿಯ ಕಡೆ ತಿರುಗಿ ನೋಡಿದಳಲ್ಲ, ಆಗ ಒಬ್ಬರೂ ನಗಲಿಲ್ಲ.

“ನವಾಜ, ವಿಮಾನದ ದಾರ ಕಾಣಾಕತ್ತೈತಲ್ಲೋ,” ಎಂದಳು ಮಾಳವ್ವ.

“ಕಂಪ್ಯೂಟರಿನ್ಯಾಗ ಅಳಸಬಹುದ್ರಿ ಅಮ್ಮಾ.”

“ಅಳಸಬ್ಯಾಡ. ಅರವತ್ತನೇ ನಂಬರಿನ ಸಣ್ಣ ನೂಲು ಅದು. ಅಷ್ಟು ದೊಡ್ಡ ವಿಮಾನ ಹೊತ್ತೈತಿ, ಇರ್ಲಿ ಪಾಪ.”

“ನಿನಗ ಕಣ್ಣು ಕಾಣೋದಿಲ್ಲಂತಿದ್ದೆಲ್ಲ ಮಾಳವ್ವಕ್ಕ?” ಎಂದಳು ಚನ್ನಮ್ಮ.

“ನೂಲು ಕಾಣತೈತಿ. ಸೊಸಿ ಕಾಣೋದಿಲ್ಲ.”

ನಗು ಇಳಿಯುವ ಮೊದಲೇ ಹದಿಮೂರನೆಯದು ಶುರುವಾಯಿತು. ಮುದುಕಿ ಬಾಯಿ ಆಡಿಸುತ್ತಿದ್ದಳು, ಮಾತು ಕೇಳುತ್ತಿರಲಿಲ್ಲ. ಸ್ಪೀಕರಿನಿಂದ ಮಳೆಯಂಥ ಸದ್ದು ಮಾತ್ರ.

ನವಾಜ ಮುಖ ಸಣ್ಣದು ಮಾಡಿಕೊಂಡು ಹೇಳಿದ. “ಚಿತ್ರ ಪಟ್ಟಿ ನಡುವ ಇರತೈತ್ರಿ, ಅದು ಉಳದೈತಿ. ದನಿ ಮ್ಯಾಲಿನ ಅಂಚಿನ್ಯಾಗ ಇರತೈತಿ. ಟ್ರಂಕಿನ್ಯಾಗಽ ಆ ಅಂಚು ಸುಕ್ಕುಗಟ್ಟಿ ಹಾಳಾಗೇತಿ. ಏನು ಮಾಡಿದ್ರೂ ಬರವಲ್ದು. ಅದಕ್ಕಽ ಚಿಗವ್ವನ್ನ ಬಿಟ್ರ ಗತಿ ಇಲ್ಲ.” ಹಾಗೆನ್ನುತ್ತ ಮೈಕು ತಂದು ಬಸವಣ್ಣೆವ್ವನ ಮುಂದೆ ಹಿಡಿದ. “ಮಾತು ನೀವು ಹೇಳ್ರಿ. ರೆಕಾರ್ಡ್ ಮಾಡಿ ಇದಕ್ಕ ಕೂಡಸ್ತೇನಿ. ಮುಂದ ನೋಡೋರಿಗೆಲ್ಲಾ ನಿಮ್ಮ ದನಿನಽ.”

“ಹೇಳ ಬೇ, ಆ ಹೆಸರು ಹೇಳೋದು ಬರಲಿ, ನಾ ಸುಲೋಮಾಗ ಫೋನಿನ್ಯಾಗ ಕೇಳಸ್ತೇನಿ,” ಎಂದು ಚನ್ನಮ್ಮ ಮೊಬೈಲ್ ತೆಗೆದಳು.

ಬಸವಣ್ಣೆವ್ವ ಪರದೆ ನೋಡಿದಳು. ನೆಂಟಳು ನೌಕೆಯ ಬಾಗಿಲಲ್ಲಿ ನಿಂತಿದ್ದಳು. ಮುದುಕಿ ಏನೋ ಕೇಳಿದಳು. ನೆಂಟಳು ಇಳಿದು ಬಂದು, ಬಾಗಿ, ಮುದುಕಿಯ ಕಿವಿಯ ಹತ್ತಿರ ಬೋಗುಣಿಯ ತಲೆ ತಂದಳು.

ಬಸವಣ್ಣೆವ್ವನ ಮೈ ಜುಮ್ಮೆಂದಿತು. ಅವಳು ನೂರಿನ್ನೂರು ಹೆಜ್ಜೆಯಲ್ಲಿ ಕಟ್ಟಿದ ಕಥೆಯೂ ಹೀಗೇ ಇತ್ತು. ಕರಿ ಗಾಜಿನ ಹಿಂದಿನ ತುಟಿ ಯಾರಿಗೂ ಕಾಣುವುದಿಲ್ಲ. ಇನ್ನು ಅವಳು ಹೇಳಿದ್ದೇ ಖರೆ, ಹಿಡಿಯುವವರೇ ಇಲ್ಲ. ಮೈಕಿನ ಮೇಲೆ ಕೆಂಪು ದೀಪ ಹೊತ್ತಿತ್ತು.

“ಮುದುಕಿ ಕೇಳ್ತಾಳ,” ಎಂದು ಶುರು ಮಾಡಿದಳು. ಪಡಸಾಲೆಯಲ್ಲಿ ಹೇಳಿದ್ದು ಆರು ಮಂದಿಗೆ. ಇದು ಹಾಗಲ್ಲ. ಲೋಕದಲ್ಲಿ ಉಳಿದದ್ದು ಇದೊಂದೇ ಎಂದಿದ್ದನಲ್ಲ ನವಾಜ. ಇದಕ್ಕೆ ಅಂಟಿದ ಮಾತನ್ನು ಆಮೇಲೆ ಯಾರು ಬಿಡಿಸುತ್ತಾರೆ?

“ಬಂದ್ ಮಾಡೋ ತಮ್ಮಾ ಅದನ್ನ,” ಎಂದಳು. “ನಾ ಇದನ್ನ ನೋಡಿಲ್ಲ.”

“ಏನು ನೋಡಿಲ್ಲ?” ಎಂದಳು ಚನ್ನಮ್ಮ.

“ಈ ಕಂತು. ಮಿರ್ಚಿ ತಿನಕೋತ ನಿಂತಿದ್ದೆ. ಹೋಗೂದರಾಗ ಮುಗದಿತ್ತು. ನಿಮಗ ಹೇಳಿದ್ದು ನಾ ಕಟ್ಟಿದ್ದು. ಇವತ್ತಽ ಮೊದಲ ನೋಡಾಕತ್ತೇನಿ.”

ಮಾಳವ್ವ ಕೋಲಿನಿಂದ ನೆಲ ಕುಟ್ಟಿದಳು. “ಅವತ್ತ ನಿನ್ನ ಪಾಲಿನ ಕಂಡಿಕಿ ನಾವು ಸುತ್ತಿದ್ವಿ.”

“ಹೌದಕ್ಕಾ. ಅದಽ ನನ್ನ ಕೊರೀತೈತಿ.”

“ಅತ್ತಿದ್ವಿ ಬ್ಯಾರೆ.”

ಚನ್ನಮ್ಮ ಮೊಬೈಲ್ ಕೆಳಗಿಟ್ಟಳು. “ಮತ್ತ ಆ ಹೆಸರು?”

“ಮಿರ್ಚಿ ಕಟ್ಟಿದ ಪೇಪರಿನ್ಯಾಗಿತ್ತು,” ಎಂದಳು ಬಸವಣ್ಣೆವ್ವ, ನೆಲ ನೋಡುತ್ತ. “ತಲಿಗೆ ಹಚ್ಚೋ ಎಣ್ಣಿ.”

ಚನ್ನಮ್ಮನ ಮುಖ ಕೆಂಪಾಯಿತು. “ನಮ್ಮತ್ತಿ ಬ್ಯಾಡಂದ್ಲು. ಮನಿದೇವರ ಹೆಸರಿಡು ಅಂದ್ಲು. ನಾ ಮೂರು ದಿನ ಉಣಲಾರದಽ ಕುಂತು ಇಡಿಸಿದ ಹೆಸರದು. ಎಣ್ಣಿ ಅಂತ ಎಣ್ಣಿ.” ಆಮೇಲೆ ಫೋನ್ ಎತ್ತಿ ಮುಂಡರಗಿಗೆ ಹಚ್ಚಿದಳು. ಸ್ಪೀಕರ್ ಹಾಕಿದಳು, ಎಲ್ಲರೂ ಕೇಳಲಿ ಎಂಬ ಹಟಕ್ಕೆ. ಮಗಳಿಗೆ ಎಲ್ಲ ಹೇಳಿದಳು.

ಬಸವಣ್ಣೆವ್ವ ಕಣ್ಣು ಮುಚ್ಚಿಕೊಂಡಳು.

“ಯವ್ವಾ,” ಎಂದಿತು ಸುಲೋಮಾಳ ದನಿ, “ಎಣ್ಣಿ ಚಲೋ ಇತ್ತಂತೇನು ಕೇಳು. ಶಾಲ್ಯಾಗ ಹುಡುಗೋರು ದಿನಾ ನನ್ನ ಹೆಸರಿನ ಅರ್ಥ ಕೇಳ್ತಾವ. ಇಷ್ಟು ದಿನ ಉತ್ತರ ಇರಲಿಲ್ಲ.”

ಮೊದಲು ನಕ್ಕವಳು ಮಾಳವ್ವ. ಅವಳ ಹಿಂದೆ ಎಲ್ಲರೂ. ಚನ್ನಮ್ಮ ಎರಡು ನಿಮಿಷ ಬಿಗಿದುಕೊಂಡಿದ್ದು, ಕೊನೆಗೆ ಚೂಡಾದ ಡಬ್ಬಿಯನ್ನು ಬಸವಣ್ಣೆವ್ವನ ತೊಡೆಯ ಮೇಲೆ ಕುಕ್ಕಿದಳು. “ತಿನ್ನು. ಇನ್ನ ಮುಂದ ನೀ ಏನರ ನೋಡಾಕ ಹೊಂಟ್ರ ಮದಲ ಉಂಡು ಹೋಗು.”

ನವಾಜ ಮೈಕು ಹಿಡಿದು ನಿಂತೇ ಇದ್ದ. “ಮತ್ತ ಇದಕ್ಕ ಏನು ಮಾಡೂನ್ರಿ?”

“ಖಾಲಿ ಬಿಡು,” ಎಂದಳು ಬಸವಣ್ಣೆವ್ವ. “ದನಿ ಉಳದಿಲ್ಲ ಅಂತ ಬರಿ.”

“ನಿನ್ನ ಕಥಿನೂ ಇರ್ಲಿ ಬೇ,” ಎಂದಳು ಮಾಳವ್ವ. “ನಾವು ಅತ್ತದ್ದು ಅದಕ್ಕ. ಬ್ಯಾರೆ ತುಂಬಿಡ್ಲಿ.”

ಹಾಗೆಯೇ ಮಾಡಿದ. ಹದಿಮೂರನೆಯ ಕಂತು ಮೂಕವಾಗಿಯೇ ಇದೆ, ಕೆಳಗೆ ‘ಇಲ್ಲಿ ದನಿ ಉಳಿದಿಲ್ಲ’ ಎಂಬ ಸಾಲು. ‘ಬಸವಣ್ಣೆವ್ವ ಕಟ್ಟಿದ ಕೊನೆ’ ಎಂಬ ಹೆಸರಿನಲ್ಲಿ ಅವಳ ಮಾತು ಬೇರೆ ಇದೆ. ನೌಕೆಯ ದಾರವನ್ನೂ ಅಳಿಸಿಲ್ಲ.

ನೆಂಟಳು ಮುದುಕಿಯ ಕಿವಿಯಲ್ಲಿ ಹೇಳುವ ಮಾತು ಹನ್ನೊಂದು ಸೆಕೆಂಡಿನದು. ಒಂದು ಹೆಸರಿಗೆ ಅದು ಬಹಳ ಉದ್ದವಾಯಿತು ಎನ್ನುತ್ತಾನೆ ನವಾಜ. ಕೇಳಿ ಮುದುಕಿ ಮೊದಲು ನಗುತ್ತಾಳೆ, ಆಮೇಲೆ ತಲೆ ಅಲ್ಲಾಡಿಸುತ್ತಾಳೆ. ಹೌದೆಂದೋ ಅಲ್ಲವೆಂದೋ ಗೊತ್ತಾಗುವುದಿಲ್ಲ. ಕೊನೆಯಲ್ಲಿ ಹೆಸರುಗಳು ಓಡುವ ಜಾಗದಲ್ಲಿ ಪಟ್ಟಿ ಬೂಷ್ಟಿಗೆ ಪೂರ್ತಿ ಬಲಿಯಾಗಿದೆ. ಹಾಗಾಗಿ ಬೋಗುಣಿಯೊಳಗೆ ಇದ್ದವರು ಯಾರೆಂಬುದೂ ತಿಳಿದಿಲ್ಲ. ನವಾಜ ನಾಲ್ಕು ಕಡೆ ಪತ್ರ ಬರೆದ, ಉತ್ತರ ಬಂದಿಲ್ಲ. ಅವಳು ಏನು ಹೇಳಿದಳೆಂಬುದು ಈವರೆಗೆ ಯಾರಿಗೂ ಗೊತ್ತಿಲ್ಲ.