ಕ್ಲಾರಿನೆಟ್ ವಾದಕನ ಮುಂದಿನ ಹಲ್ಲು

ಮೇಲುಸಾಲಿನ ಮುಂದಿನ ಹಲ್ಲೊಂದು ಸಡಿಲವಾದರೆ ಬಡಗಿಯ ಕೆಲಸ ನಿಲ್ಲುವುದಿಲ್ಲ, ದರ್ಜಿಯ ಕೆಲಸವೂ ನಿಲ್ಲುವುದಿಲ್ಲ. ಕ್ಲಾರಿನೆಟ್ ನುಡಿಸುವವನ ಕೆಲಸ ನಿಲ್ಲುತ್ತದೆ. ವಾದ್ಯದ ತುದಿ ಅವನ ಬಾಯಲ್ಲಿ ನಿಲ್ಲುವುದೇ ಆ ಹಲ್ಲುಗಳ ಬಲದಿಂದ.

ಮದುವೆಗಳಲ್ಲಿ ಕ್ಲಾರಿನೆಟ್ ನುಡಿಸುವ ಬ್ಯಾಂಡಿನ ಮುಂದಾಳೊಬ್ಬ ಇದನ್ನು ಬಲ್ಲವನೇ. ಆದರೂ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಕಂಡರೆ ಉಗುಳಿ ಸುಮ್ಮನಾಗುತ್ತಿದ್ದ. ಹಲ್ಲು ತುಸು ಅಲುಗಿದಾಗ, ಸೈಕಲ್ ಟ್ಯೂಬಿನ ಚೂರೊಂದನ್ನು ಕತ್ತರಿಸಿ ವಾದ್ಯದ ತುದಿಗೆ ಅಂಟಿಸಿದ. ಹಲ್ಲು ಇನ್ನಷ್ಟು ಅಲುಗಿತು. ಅವನು ಇನ್ನೊಂದು ಪದರ ಅಂಟಿಸಿದ.

ಒಂದು ಭಾನುವಾರ ಮನೆಯ ಮುಂಗೋಣೆಯಲ್ಲಿ ತಾಲೀಮು ನಡೆದಿತ್ತು. ಮೇಲಿನ ಸ್ವರಕ್ಕೆ ಏರುವಷ್ಟರಲ್ಲಿ ಹಿಡಿತ ತಪ್ಪಿ ಕ್ಲಾರಿನೆಟ್ ಕಿರುಚಿತು.

“ಏನಣ್ಣಾ, ಬೆಕ್ಕಿನ ಬಾಲ ತುಳಿದ್ಬಿಟ್ಯಾ?” ಎಂದ ಡ್ರಮ್ ಬಾರಿಸುವ ಗೆಳೆಯ.

ಮುಂದಾಳಿನ ಹೆಂಡತಿಯ ತಂಗಿ ಅಂದು ಅಕ್ಕನ ಮನೆಗೆ ಬಂದಿದ್ದಳು. ಆಕೆ ದಂತ ಚಿಕಿತ್ಸಾಲಯದಲ್ಲಿ ನರ್ಸ್. ವಾದ್ಯವನ್ನು ಕೈಗೆತ್ತಿಕೊಂಡು ತುದಿಯನ್ನು ನೋಡಿದಳು.

“ಇದೇನು ಭಾವ, ಹಲ್ಲಿಗೆ ಹಾಸಿಗೆ ಹಾಸಿದ್ದೀರಾ?”

“ಹೂಂ, ಹಾಸಿಗೆ ಅಂತಲೇ ತಿಳ್ಕೋ. ಮಲಗಿರೋದನ್ನ ಯಾಕೆ ಎಬ್ಬಿಸ್ತೀಯ?”

“ಅದು ಮಲಗಿಲ್ಲ, ಹೊರಡೋಕೆ ಗಂಟುಮೂಟೆ ಕಟ್ತಿದೆ. ಎಲ್ಲಿ, ಬಾಯಿ ತೆಗೀರಿ.”

ಮೊಬೈಲಿನ ಬೆಳಕು ಹಿಡಿದು ನೋಡಿದಳು. ಒಸಡು ಕೆಂಪಾಗಿ ಊದಿತ್ತು. ಹಲ್ಲಿನ ಬುಡದಲ್ಲಿ ಹಳದಿ ಕಿಟ್ಟ ಕಲ್ಲಿನಂತೆ ಗಟ್ಟಿಯಾಗಿತ್ತು.

“ಇದನ್ನ ಕ್ಲೀನ್ ಮಾಡಿಸ್ಬೇಕು.”

“ನೋವೇ ಇಲ್ಲ! ನೋವಿಲ್ಲದ ಹಲ್ಲಿಗೆ ದುಡ್ಡು ಸುರಿಯೋಕೆ ನನಗೇನು ತಲೆ ಕೆಟ್ಟಿದೆಯಾ? ಅಲ್ಲದೆ ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ. ನಮ್ಮ ದೊಡ್ಡಪ್ಪನಿಗೆ ಹಾಗೇ ಆಯ್ತು.”

“ದೊಡ್ಡಪ್ಪ ಡಾಕ್ಟ್ರ ಹತ್ರ ಹೋಗಿದ್ದು ಯಾವಾಗ? ಹಲ್ಲು ಅಲ್ಲಾಡಿದ ಮೇಲೆ ತಾನೆ? ಸಡಿಲ ಮಾಡಿದ್ದು ಕಿಟ್ಟ, ಬೈಸಿಕೊಂಡಿದ್ದು ಡಾಕ್ಟ್ರು. ಅದು ಒಸಡಿನ ಕೆಳಗೆ ಇಳಿದ್ರೆ, ಹಲ್ಲು ಹಿಡ್ಕೊಂಡಿರೋ ಮೂಳೆ ಸವೆಯುತ್ತೆ. ಎಷ್ಟೋ ಸಲ ನೋವೂ ಆಗಲ್ಲ. ಅದೇ ಅದರ ಕಿತಾಪತಿ.”

“ಸರಿ, ಖರ್ಚೆಷ್ಟು?”

“ನೋಡೇ, ಇವರ ನಿಜವಾದ ಹಲ್ಲುನೋವು ಈಗ ಹೊರಗೆ ಬಂತು!” ಎಂದು ಹೆಂಡತಿ ಅಡುಗೆಮನೆಯಿಂದಲೇ ನಕ್ಕಳು.

ತಂಗಿ ನಗಲಿಲ್ಲ. ಎರಡೂ ಕಡೆಯನ್ನು ತೂಗಿ ಹೇಳಿದಳು.

“ನಿಮ್ಮ ಒಂದು ಮದುವೆ ಸಂಭಾವನೆ ಹೋಗುತ್ತೆ, ಒಂದು ಬೆಳಗ್ಗೆ ಹೋಗುತ್ತೆ. ಕೆಲವು ದಿನ ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ. ಇದ್ಯಾವುದನ್ನೂ ಮುಚ್ಚಿಡಲ್ಲ. ಆದ್ರೆ ಹಲ್ಲು ಬಿದ್ದುಹೋದ್ರೆ? ಹೊಸದು ಕೂರಿಸೋಕೆ ಇಡೀ ಸೀಸನ್ನಿನ ದುಡಿಮೆ ಸಾಲಲ್ಲ. ಅದು ಕೂತು, ನಿಮ್ಮ ತುಟಿ ಪಳಗೋವರೆಗೂ ಮುಂದೆ ನಿಂತು ನುಡಿಸೋರು ಯಾರು?”

“ನಾನು ಡ್ರಮ್ ಬಾರಿಸ್ತಾನೇ ಹಾಡಿಬಿಡ್ತೀನಿ,” ಎಂದ ಗೆಳೆಯ.

“ಬೇಡಪ್ಪಾ, ಮದುವೆನೇ ಮುರಿದುಹೋಗುತ್ತೆ!” ಎಂದಳು ಹೆಂಡತಿ.

ಮುಂದಾಳಿಗೆ ಮಾತ್ರ ನಗು ಬರಲಿಲ್ಲ. ತಾನಿಲ್ಲದ ಬ್ಯಾಂಡು ಬೀದಿಯಲ್ಲಿ ಸಾಗುವ ಚಿತ್ರ ಅವನ ಕಣ್ಣಿಗೆ ಕಟ್ಟಿತು.

“ಈಗ ಹೋದ್ರೆ ಉಳಿಯುತ್ತಾ?” ಎಂದು ಮೆಲ್ಲಗೆ ಕೇಳಿದ.

“ಡಾಕ್ಟ್ರು ನೋಡಿ ಹೇಳ್ಬೇಕು ಭಾವ, ನಾನು ಗ್ಯಾರಂಟಿ ಕೊಡಲ್ಲ. ತಡ ಮಾಡಿದಷ್ಟೂ ಆಸೆ ಕಮ್ಮಿ ಅನ್ನೋದು ಮಾತ್ರ ಗ್ಯಾರಂಟಿ.”

ಮರುದಿನವೇ ನಾದಿನಿ ಕೆಲಸ ಮಾಡುವ ಚಿಕಿತ್ಸಾಲಯಕ್ಕೆ ಹೋದ. ವೈದ್ಯರು ಎಕ್ಸ್‌ರೇ ತೆಗೆದು, ಮೂಳೆ ಸವೆದಿರುವುದು ಅಲ್ಪವೆಂದು ತಿಳಿಸಿದರು. ಒಸಡಿನ ಒಳಗಿದ್ದ ಕಿಟ್ಟವನ್ನೂ ತೆಗೆದರು. ಮೃದುವಾದ ಬ್ರಷ್‌ನಿಂದ, ಒರಟಾಗಿ ತಿಕ್ಕದೆ, ಒಸಡಿನ ಅಂಚಿನವರೆಗೆ ಉಜ್ಜುವ ಕ್ರಮವನ್ನು ಕಲಿಸಿದರು.

“ಬೆಳ್ಳಗೆ ಹೊಳೆಯೋ ಹಾಗೂ ಮಾಡಿಬಿಡ್ತೀರಾ ಡಾಕ್ಟ್ರೇ?”

“ನಿಮಗೆ ಬೇಕಿರೋದು ಗಟ್ಟಿ ಹಲ್ಲು, ಹೊಳೆಯೋ ಹಲ್ಲಲ್ಲ. ಆ ದುಡ್ಡನ್ನ ಮುಂದಿನ ತಪಾಸಣೆಗೆ ಇಟ್ಕೊಳ್ಳಿ. ಬರುವಾಗ ಕ್ಲಾರಿನೆಟ್ ತನ್ನಿ.”

ಕೆಲವು ವಾರಗಳ ನಂತರ ಹೆಂಡತಿಯೊಡನೆ ಮತ್ತೆ ಹೋದಾಗ ರಕ್ತ ನಿಂತಿತ್ತು, ಊತ ಇಳಿದಿತ್ತು. ವೈದ್ಯರು ಹಲ್ಲನ್ನು ಒತ್ತಿ ನೋಡಿ, “ಬಿಗಿಯಾಗಿದೆ, ನುಡಿಸಿ,” ಎಂದರು. ಅವನು ಮೊದಲು ಅಳುಕುತ್ತ, ಆಮೇಲೆ ಕಣ್ಣುಮುಚ್ಚಿ ಮೇಲಿನ ಸ್ವರಕ್ಕೆ ಏರಿದ. ಸ್ವರ ಕದಲದೆ ನಿಂತಿತು.

ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ, “ಒಳಗೆ ಹಲ್ಲು ಕೀಳ್ತಿದ್ದಾರೋ, ದಿಬ್ಬಣ ಹೊರಡಿಸ್ತಿದ್ದಾರೋ?” ಎಂದರು.

“ಹಲ್ಲು ಉಳಿದ ಸಂಭ್ರಮ ಅಜ್ಜಿ!” ಎಂದಳು ನಾದಿನಿ.

“ಹಾಗಾದ್ರೆ ನನಗುಳಿದಿರೋ ನಾಲ್ಕನ್ನೂ ಬೇಗ ನೋಡಿ ಅನ್ನು!”

ಬೆಂಚೆಲ್ಲ ನಕ್ಕಿತು. ಆ ನಗುವಿನ ನಡುವೆಯೇ ಮುಂದಾಳಿನ ಹೆಂಡತಿ ತನ್ನ ಹೆಸರನ್ನೂ ಮಗಳ ಹೆಸರನ್ನೂ ತಪಾಸಣೆಗೆ ಬರೆಸಿದಳು.

ಓದುಗರೇ, ನಿಮ್ಮ ಕಸುಬು ಯಾವುದಾದರೂ ಇರಲಿ, ಹಲ್ಲು ನಿಮಗೂ ಬೇಕು. ಬೆಳಗ್ಗೆ ಮತ್ತು ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿರಿ. ಒಸಡಿನ ರಕ್ತವನ್ನು ಕಡೆಗಣಿಸಬೇಡಿ. ನೋವಿಲ್ಲದಿದ್ದರೂ ವೈದ್ಯರು ಹೇಳಿದ ಅವಧಿಗೆ ತಪಾಸಣೆ ಮಾಡಿಸಿರಿ. ಯಾವುದು ಅಗತ್ಯ, ಯಾವುದು ಅನಗತ್ಯ ಎಂದು ಸಂಕೋಚವಿಲ್ಲದೆ ಕೇಳಿರಿ. ಒಂದು ಕಡೆ ಒಂದು ಬೆಳಗಿನ ಹೊತ್ತು ಮತ್ತು ಸಣ್ಣ ವೆಚ್ಚ. ಇನ್ನೊಂದು ಕಡೆ ಜೀವಮಾನದ ಊಟ, ಮಾತು, ನಗು. ನೀವೇ ತೂಗಿ ನೋಡಿರಿ, ಇದೇ ವಾರ ಮನೆಯವರನ್ನೂ ಕರೆದುಕೊಂಡು ಹೊರಡಿರಿ.